ರಾಕ್ಷಸರನ್ನು ತೂಗುವ ನಮ್ಮ ಕಾಕಾ

ಸೊಲ್ಲಾಪುರದಲ್ಲಿ ನೂಲು ತೂಗುವವರಿದ್ದಾರೆ, ಶೇಂಗಾ ತೂಗುವವರಿದ್ದಾರೆ, ಬಂಗಾರ ತೂಗುವವರಿದ್ದಾರೆ. ರಾಕ್ಷಸರನ್ನು ತೂಗುವವನು ಮಾತ್ರ ಇಡೀ ಊರಿಗೆ ಒಬ್ಬನೇ ಇದ್ದ, ಅವನು ನಮ್ಮಪ್ಪನ ತಮ್ಮ, ನಮ್ಮ ಕಾಕಾ! ನಗಬೇಡಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಗಂಡಸರೆಲ್ಲ ಬಟ್ಟೆ ಗಿರಣಿಯ ಮುಷ್ಕರ, ಸೀಮೆಎಣ್ಣೆಯ ಸರದಿ ಎಂದು ತಲೆ ಕೆಡಿಸಿಕೊಂಡಿದ್ದರೆ, ಮೂವತ್ತು ದಾಟಿದ ನಮ್ಮ ಕಾಕಾ ಚಾದರದ ಅಂಗಡಿಯ ಗಾದಿಯ ಮೇಲೆ ಕೂತು, ಐದು ತಲೆಯ ರಾಕ್ಷಸನಿಗೆ ನೆಗಡಿಯಾದರೆ ಯಾವ ಮೂಗನ್ನು ಮೊದಲು ಒರೆಸಬೇಕು ಎಂದು ಚಿಂತಿಸುತ್ತಿದ್ದ.

ಈ ರೋಗ ಅವನಿಗೆ ಹತ್ತಿದ್ದು ಮುಂಬೈಯಿಂದ. ಅಲ್ಲಿನ ಬಂದರಿನಲ್ಲಿ ಕೆಲಸಕ್ಕಿದ್ದ ಅವನ ಸಾಲಿಯಲ್ಲಿ ಕೂಡಿ ಕಲಿತ ಗೆಳೆಯನೊಬ್ಬ ಊರಿಗೆ ಬಂದವನು, ಪರದೇಶದ ಹಡಗಿನ ಹುಡುಗರು ಆಡುವ ಹೊಸ ಆಟವೊಂದರ ಸುದ್ದಿ ಹೇಳಿದ. ಅದಕ್ಕೆ ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬ ಕತೆ ಹೇಳಬೇಕು, ಉಳಿದವರು ಕತೆಯೊಳಗಿನ ಶೂರರೋ ಮಂತ್ರವಾದಿಗಳೋ ಆಗಿ ‘ನಾನು ಹೀಗೆ ಮಾಡುತ್ತೇನೆ’ ಅನ್ನಬೇಕು. ಆಗುತ್ತದೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಅಷ್ಟರಲ್ಲಿ ಚಹಾ ಮುಗಿಯಿತು, ಗೆಳೆಯನ ಗಾಡಿಯ ಹೊತ್ತಾಯಿತು, ಆಟದ ಅರ್ಧ ನಿಯಮಗಳು ಅವನ ಜೊತೆಗೇ ರೈಲು ಹತ್ತಿ ಹೋದವು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಕಾಕಾ ಉಳಿದರ್ಧವನ್ನು ತಾನೇ ಹುಟ್ಟಿಸಿದ. ದಾಳದ ಬದಲಿಗೆ ಅಜ್ಜಿಯ ಚೌಕಾಬಾರದ ಕವಡೆ ಬಂದವು.

ಕೆಳಗೆ ಅಂಗಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಮನೆ. ರವಿವಾರ ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಆಟ. ಆಡುವವರು ಯಾರು? ಕಾಲೇಜಿಗೆ ಹೊಸದಾಗಿ ಸೇರಿ ಮೀಸೆ ಸವರಿಕೊಳ್ಳುತ್ತಿದ್ದ ನಮ್ಮಣ್ಣ, ಒಂಬತ್ತನೆಯ ಇಯತ್ತೆಯ ನಾನು, ಪಕ್ಕದ ಮನೆಯ ಮರಾಠಿ ಹುಡುಗ ಬಾಳ್ಯಾ. ಗುಡ್ಡದ ಮೇಲೊಂದು ಹಾಳು ಕೋಟೆ, ಅದರೊಳಗೆ ನಿಧಿ. ನೀವು ಬಿಲ್ಲುಗಾರರಾಗುತ್ತೀರೋ ವೈದ್ಯರಾಗುತ್ತೀರೋ ಎಂದು ಕಾಕಾ ಕೇಳಿದರೆ, ಮೂವರೂ ಒಂದೇ ಉಸಿರಿಗೆ ಕೂಗಿದೆವು: “ರಾಕ್ಷಸ!”

ಆಗುವುದಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಾಕಾನ ಕಣ್ಣು ಅರಳಿದವು. “ಆಗ್ರಿ! ಯಾರ್ ಬ್ಯಾಡ ಅಂತಾರ? ಆದರ ತೂಕ ಸಮ ಆಗಬೇಕ ನೋಡ್ರಿ. ವರಾ ಎಷ್ಟ ತಗೋತೀರಿ, ಅಷ್ಟ ಶಾಪಾನೂ ತಗೋಬೇಕು.”

“ನನಗ ಐದು ತಲಿ ಬೇಕು,” ಅಂದ ಅಣ್ಣ.

“ತಗೋ. ಐದೂ ತಲಿ ಒಪ್ಪಿದ್ರನ ಹೆಜ್ಜಿ ಮುಂದ.”

ದಾರಿ ಕವಲೊಡೆಯುವಲ್ಲಿ ಅಣ್ಣ ತಲೆಗೊಂದರಂತೆ ಕವಡೆ ಒಗೆದ. ಎರಡು ತಲೆ ಎಡಕ್ಕೆ ಅಂದವು, ಎರಡು ಬಲಕ್ಕೆ. ಐದನೆಯದು ಊಟ ಮಾಡೋಣ ಅಂದಿತು. ನಾವು ಹೊಳೆ ದಾಟಿ ಕೋಟೆ ಮುಟ್ಟಿದರೂ ಅವನು ಅಲ್ಲೇ ನಿಂತು ತನ್ನ ಜೊತೆ ತಾನೇ ಜಗಳಾಡುತ್ತಿದ್ದ.

ಬಾಳ್ಯಾ ಗಿರಣಿಯ ಚಿಮಣಿಯಷ್ಟು ಎತ್ತರ ಕೇಳಿದ. ಕಾಕಾ ಒಂದಿಂಚೂ ಕಡಿಮೆ ಮಾಡದೆ ಕೊಟ್ಟ. ಬಾಳ್ಯಾ ಎದೆಯುಬ್ಬಿಸಿಕೊಂಡು ಕೋಟೆಯ ಹತ್ತಿರ ಬಂದರೆ, ಅದರ ಬಾಗಿಲು ನಮ್ಮ ಅಡುಗೆಮನೆಯ ಬಾಗಿಲಷ್ಟು!

“ನೀ ಹೊರಗ ನಿಂದ್ರಪಾ. ಇವರ ಚಪ್ಪಲಿ ನೋಡ್ಕೋ,” ಅಂದ ಕಾಕಾ.

“ಹೇ ಬರೋಬರ್ ನಾಹೀ ಕಾಕಾ!” ಇದು ಸರಿಯಲ್ಲ ಎಂದು ಬಾಳ್ಯಾ ತನ್ನ ಮರಾಠಿಯಲ್ಲಿ ಅಳುವ ಹಂತಕ್ಕೆ ಬಂದ.

“ಬರೋಬರ್ ಅಂದ್ರ ಸಮಾ. ಸಮಾ ಅಂದ್ರ ಇದ ಲೇ!”

ನಾನು ಹಾರುವ ದೆವ್ವವಾದೆ. ನನಗೆ ಶಾಪ ಏನು? ಹೋಳಿಗೆಯ ವಾಸನೆ ಬಂದಲ್ಲಿ ಕೆಳಗಿಳಿಯಲೇಬೇಕು. “ಇದೆಂಥಾ ಶಾಪ ಕಾಕಾ!” ಅಂದೆ. “ನಿನ್ನ ನೋಡೇ ಇಟ್ಟೀನಿ,” ಅಂದ. ಅವಮಾನದಿಂದ ಕೆಂಪಾಗಿ ಕೂತಿದ್ದೆ. ಅಷ್ಟರಲ್ಲಿ ಕೆಳಗೆ ಅವ್ವ ನಿಜವಾಗಿಯೂ ಶೇಂಗಾ ಹೋಳಿಗೆ ಬೇಯಿಸತೊಡಗಿದಳು. ಏನು ಮಾಡಲಿ? ಇಳಿದು ಹೋದೆ.

ಹೀಗೆ ಮೂವರು ರಾಕ್ಷಸರೂ ಮೂಲೆಗೆ ಬಿದ್ದಾಗ, ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಅಜ್ಜಿ “ನಾ ಸಾದಾ ಮನಶ್ಯಾಳು, ಒಳಗ ಹೋಕ್ಕೀನಿ,” ಅಂದಳು. ನಿಧಿ ಕಾಯುವ ಭೂತದ ಎದುರು ನಿಂತು ಕತ್ತಿಯಿಲ್ಲ, ಮಂತ್ರವಿಲ್ಲ, “ಊಟ ಆತೇನಪಾ?” ಅಂತ ಕೇಳಿದಳು. ಭೂತದ ಪಾತ್ರ ವಹಿಸಿದ್ದ ಕಾಕಾ ಗದ್ಗದನಾಗಿ, “ಹಜಾರ ವರ್ಷದಾಗ ಯಾರೂ ಕೇಳಿದ್ದಿಲ್ಲವ್ವಾ,” ಎಂದು ಬೀಗದಕೈ ಕೊಟ್ಟೇಬಿಟ್ಟ!

ಅಣ್ಣ ಸಿಟ್ಟಾದ. “ಅಜ್ಜಿಗೆ ಶಾಪ ಎಲ್ಲೈತಿ?”

“ನಾ ಅಕಿ ಹೊಟ್ಟ್ಯಾಗ ಹುಟ್ಟೀನಲ್ಲೋ, ಸಾಲದೇನು?” ಅಂದ ಕಾಕಾ.

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಯಾಕೆಂದರೆ ಅದು ನಿಜ. ಅಜ್ಜಿಗಿದ್ದ ಒಂದೇ ಆಸೆ ಈ ಮಗನ ಮದುವೆ, ಅದೇ ಕೂಡಿ ಬರುತ್ತಿರಲಿಲ್ಲ. ಅದಕ್ಕೆ ಕಾರಣವೂ ಈ ತೂಕವೇ! ಆಟದ ನಿಯಮ ಆಟದಲ್ಲಿ ಇದ್ದರೆ ಯಾರಿಗೆ ತೊಂದರೆ? ಕಾಕಾ ಅದನ್ನು ಎಲ್ಲ ಕಡೆ ಹೊತ್ತುಕೊಂಡು ತಿರುಗುತ್ತಿದ್ದ. ದುಧನಿಯಿಂದ ಮಗಳ ಮದುವೆಗೆಂದು ಚಾದರ ಕೊಳ್ಳಲು ಬಂದ ಗೌಡರು “ಬಣ್ಣಾ ಹೋಗೂದಿಲ್ಲಲ್ರಿ?” ಎಂದರೆ ಬೇರೆ ಯಾವ ವ್ಯಾಪಾರಿ ಏನು ಹೇಳುತ್ತಿದ್ದ? ನಮ್ಮ ಕಾಕಾ ಹೇಳಿದ್ದು: “ಹೋಕ್ಕೈತ್ರಿ. ಇಷ್ಟ ಮೆತ್ತಗ ಐತಿ ಅಂದಮ್ಯಾಲ ಏನರೆ ಶಾಪ ಬೇಕಲ್ರಿ? ಚಿಂತಿ ಮಾಡಬ್ಯಾಡ್ರಿ, ಹೋದ ಬಣ್ಣ ಎಲ್ಲೂ ಹೋಗೂದಿಲ್ಲ. ಅಳ್ಯಾನ ಧೋತರಕ್ಕ ಬರ್ತೈತಿ.” ಅಪ್ಪ ಅಂದೇ ಅವನನ್ನು ಗಾದಿಯಿಂದ ಎಬ್ಬಿಸಿ ಹಿಂದಿನ ಗೋದಾಮಿಗೆ ಕಳಿಸಿದ.

ಕನ್ಯೆ ನೋಡಲು ಹೋದಲ್ಲಂತೂ ಕೇಳಲೇಬೇಡಿ. ಸೊಲ್ಲಾಪುರದ್ದೇ ಒಂದು ಮನೆಯಲ್ಲಿ, ಯಾರೂ ಕೇಳದಿದ್ದರೂ, “ಮೊದಲ ನನ್ನ ಶಾಪಾ ಹೇಳ್ತೀನ್ರಿ, ನಾ ಗೊರಕಿ ಹೊಡೀತೀನಿ,” ಅಂದ. ಅಂದಮೇಲೆ ಸುಮ್ಮನಿರಬೇಕೋ ಬೇಡವೋ? ಲೋಡಿಗೆ ಒರಗಿ ಒಂದು ಗೊರಕೆ ಹೊಡೆದೂ ತೋರಿಸಿದ! ಆಮೇಲೆ ಎದ್ದು ಕೂತು, ಬಹಳ ವಿನಯದಿಂದ, “ಈಗ ನಿಮ್ಮ ಹುಡುಗಿದು ಹೇಳ್ರಿ,” ಎಂದ. ನಾವು ಬೀದಿಗೆ ಬಂದಾಗ ಅಜ್ಜಿಯ ಕೈಯಲ್ಲಿ ಅವರು ಕೊಟ್ಟ ಎಲೆ-ಅಡಿಕೆ ಹಾಗೇ ಇತ್ತು.

ಆದ್ದರಿಂದ ಅಕ್ಕಲಕೋಟದ ಸಂಬಂಧ ಬಂದಾಗ ಅಜ್ಜಿ ಎಸ್ಟಿ ಬಸ್ಸಿನಲ್ಲೇ ಅವನಿಂದ ಆಣೆ ಹಾಕಿಸಿಕೊಂಡಳು. ರಾಕ್ಷಸ ಅನ್ನಬಾರದು, ಶಾಪ ಅನ್ನಬಾರದು, ಗೊರಕೆ ಹೊಡೆಯಬಾರದು. ಹುಡುಗಿಯ ಅಪ್ಪ ತಾಲೂಕು ಕಚೇರಿಯಲ್ಲಿ ದೊಡ್ಡ ಕಾರಕೂನರು, ಗಂಭೀರ ಮನುಷ್ಯ. ಹುಡುಗಿಗೂ ಮದುವೆಯ ವಯಸ್ಸು ಮೀರುತ್ತ ಬಂದಿತ್ತು. ಅಂಥ ಮನೆಯ ಹುಡುಗಿಯನ್ನು ಇದುವರೆಗೆ ಯಾರೂ ಯಾಕೆ ಒಪ್ಪಿಲ್ಲವೆಂದು ಅಜ್ಜಿ ಕೇಳಲಿಲ್ಲ. ನಮ್ಮವನದನ್ನು ಅವರೂ ಕೇಳದಿರಲಿ ಎಂದಿರಬೇಕು.

ಇಲ್ಲಿ ನಮ್ಮವರ ರೂಢಿಯೊಂದನ್ನು ಹೇಳಬೇಕು. ಕನ್ಯೆ ನೋಡಲು ಹೋದವರ ಮುಂದೆ ಉಪ್ಪಿಟ್ಟು, ಶಿರಾ ಎರಡನ್ನೂ ಇಡುತ್ತಾರೆ. ಉಪ್ಪಿಟ್ಟನ್ನು ಮರ್ಯಾದೆಗೆ ಯಾರಾದರೂ ತಿನ್ನಬಹುದು. ಶಿರಾ ಹಾಗಲ್ಲ. ಹುಡುಗಿ ಮನಸ್ಸಿಗೆ ಬಂದರೆ ವರ ಶಿರಾ ತಿನ್ನಬೇಕು. ಬಟ್ಟಲು ಮುಟ್ಟದೆ ಎದ್ದರೆ ಬೇಡ ಎಂದು ಬಾಯಿಬಿಟ್ಟು ಹೇಳುವ ಸಂಕಟ ಯಾರಿಗೂ ಇರುವುದಿಲ್ಲ.

ಹುಡುಗಿ ಬಂದು ಕೂತಳು. “ನಮ್ಮ ಹುಡುಗಿ ಭಾಳ ಸಮಾಧಾನಿ ನೋಡ್ರಿ, ಮಾತು ಕಡಿಮಿ,” ಅಂದಳು ಅವರವ್ವ. ಅಜ್ಜಿಯ ಮುಖ ಅರಳಿತು. ಮಾತು ಹೆಚ್ಚಾದವನೊಬ್ಬ ಮನೆಯಲ್ಲಿ ಇದ್ದನಲ್ಲ! ಕಾಕಾ ಆಣೆಗೆ ಕಟ್ಟುಬಿದ್ದು ತುಟಿ ಕಚ್ಚಿ ಕೂತಿದ್ದ. ಅಷ್ಟರಲ್ಲಿ ಕಾರಕೂನರು ಕೇಳಬಾರದ್ದನ್ನು ಕೇಳಿದರು.

“ಅಂಗಡಿ ಬಿಟ್ಟ ಮ್ಯಾಲ ಏನ್ ಮಾಡ್ತೀರಿ? ಏನರೆ ಛಂದ, ಹವ್ಯಾಸ?”

ಕಾಕಾ ಅಜ್ಜಿಯನ್ನು ನೋಡಿದ. ಅಜ್ಜಿ ಸೂರು ನೋಡಿದಳು.

“ರಾಕ್ಷಸರನ್ನ ತೂಗ್ತೀನ್ರಿ.”

ಕಾರಕೂನರ ಕೈಯಲ್ಲಿದ್ದ ಕಪ್ಪಿನಿಂದ ಚಹಾ ಬಸಿಗೆ ಚೆಲ್ಲಿತು. ಆಮೇಲೆ ತಡೆಯುವವರು ಯಾರು? ಐದು ತಲೆ, ಚಿಮಣಿ, ಹೋಳಿಗೆಯ ದೆವ್ವ ಎಲ್ಲವೂ ಹೊರಬಂದವು. ವರಕ್ಕೆ ತಕ್ಕ ಶಾಪ ಇಡದಿದ್ದರೆ ಆಟ ಹೇಗೆ ಕೆಡುತ್ತದೆಂದು ಕೈ ಬೀಸಿ ಬೀಸಿ ಹೇಳಿದ. ಕೊನೆಗೆ ಹುಡುಗಿಯ ಕಡೆಗೇ ತಿರುಗಿ, “ನೀವಾಗಿದ್ರ ಏನ್ ಆಗ್ತಿದ್ರಿ?” ಅಂತ ಕೇಳಿದ.

“ಅಕಿಗೇನ್ ತಿಳಿತೈತ್ರಿ ಅದೆಲ್ಲಾ,” ಎಂದು ಅವರವ್ವ ಅವಸರದಿಂದ ನಡುವೆ ಬಂದಳು. ಮಗಳ ಭುಜ ಒತ್ತಿ ಹಿಡಿದದ್ದು ನನಗೆ ಕಾಣಿಸಿತು. ಆದರೆ ಹುಡುಗಿ ತಲೆಯೆತ್ತಿದಳು.

“ನ... ನನ್ನದೊಂದು ಪ್ರಶ್ನಾ ಐತಿ,” ಅಂದಳು. ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣು ಮುಚ್ಚಿ ಅದನ್ನು ಬಿಡಿಸಿಕೊಂಡು ಮುಂದುವರಿದಳು. “ಶಾಪ... ಮೊದಲ ಇದ್ದವರಿಗೆ, ವ... ವ... ವರ ಏನ್ ಕೊಡ್ತೀರಿ?”

ಇಷ್ಟು ವರ್ಷ ಮನೆಯವರು ಮುಚ್ಚಿಟ್ಟದ್ದನ್ನು ಹುಡುಗಿ ತಾನೇ ತೆಗೆದು ಎದುರಿಗಿಟ್ಟಿದ್ದಳು. ಅವರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕಾ ಎದ್ದ. ಕಿಟಕಿಯವರೆಗೆ ಹೋದ, ತಿರುಗಿ ಬಂದ, ಏನೋ ಗೊಣಗುತ್ತ ಬಾಗಿಲು ದಾಟಿದ. ಅಂಗಳ ದಾಟಿದ. ನಾವು ಹಿಂದೆ ಓಡಿ ಬಸ್ ನಿಲ್ದಾಣದಲ್ಲಿ ಹಿಡಿದಾಗ ನೋಡುತ್ತೇವೆ, ಅವನ ಕಾಲಲ್ಲಿ ಕಾರಕೂನರ ಚಪ್ಪಲಿ! ಶಿರಾ ಬಟ್ಟಲಲ್ಲಿ ಹಾಗೇ ಉಳಿದಿತ್ತು. ಹುಡುಗಿಯನ್ನೂ ಬೇಡವೆಂದ, ಅಪ್ಪನ ಚಪ್ಪಲಿಯನ್ನೂ ಒಯ್ದ!

ಬಸ್ಸಿನಲ್ಲಿ ಅಜ್ಜಿ ಅತ್ತಳು. “ಮಾತು ತಡಿತೈತಿ ಅಂತ ಬ್ಯಾಡಾತೇನೋ ನಿನಗ? ನೀ ಏನ್ ದೊಡ್ಡ ಹೊನ್ನಿನ ತುಂಡ?” ಕಾಕಾನಿಗೆ ಕೇಳಿಸಲೇ ಇಲ್ಲ. “ತೂಕ ಬರವಲ್ದು... ತೂಕ ಬರವಲ್ದು...” ಎಂದು ಕಿಟಕಿಯಾಚೆಯ ಜೋಳದ ಹೊಲಗಳಿಗೆ ಹೇಳುತ್ತಿದ್ದ.

ಮನೆ ತಲುಪಿದಾಗ ಸಂಜೆ. ಸುದ್ದಿ ಕೇಳಿದ ಅಪ್ಪ, “ಆತ ಬಿಡ್ರಿ. ಶಿರಾ ಮುಟ್ಟಲಿಲ್ಲಂದ್ರ ಮುಗೀತು,” ಅಂದ.

“ಯಾರ್ ಮುಟ್ಟಲಿಲ್ಲ?” ಕಾಕಾ ಎಚ್ಚೆತ್ತವನಂತೆ ಕೇಳಿದ.

“ನೀನ!”

ಕಾಕಾ ಮತ್ತೆ ಬಾಗಿಲತ್ತ ಓಡಿದ. “ಅಯ್ಯೋ, ನಾ ವಿಚಾರ ಮಾಡಾಕತ್ತಿದ್ನಲ್ಲಾ! ಅಕಿ ಏನ್ ತಿಳ್ಕೊಂಡಿರಬೇಕು?” ಅವನು ಹೆದರಿದ್ದನ್ನು ನಾನು ಆವತ್ತೇ ಮೊದಲು ಕಂಡದ್ದು. ಅಕ್ಕಲಕೋಟದ ಕೊನೆಯ ಬಸ್ಸು ಹೋಗಿಯಾಗಿತ್ತು. ಮರುದಿನ ಮೊದಲ ಬಸ್ಸಿಗೆ ಹೊರಟ. ಒಬ್ಬನೇ ಹೋದರೆ ಮತ್ತೆ ಯಾರದಾದರೂ ಚಪ್ಪಲಿ ಮೆಟ್ಟಿಕೊಂಡು ಬರುತ್ತಾನೆಂದು ಅಜ್ಜಿ ನನ್ನನ್ನು ಜೊತೆಗೆ ಕಳಿಸಿದಳು.

ಬಾಗಿಲು ತೆರೆದ ಕಾರಕೂನರು ಮೊದಲು ಅವನ ಮುಖ ನೋಡಿದರು, ಆಮೇಲೆ ಕಾಲು.

“ನಿನ್ನಿ ಶಿರಾ ಉಳದೈತೇನ್ರಿ?” ಅಂದ ಕಾಕಾ.

“ಆಕಳಿಗೆ ಹಾಕಿದ್ವಿ,” ಅಂದರು ಅವರು, ಕಲ್ಲಿನಂಥ ಮುಖ ಮಾಡಿಕೊಂಡು.

“ಹಂಗಾರ ಹೊಸಾದು ಮಾಡಸ್ರಿ. ನಾ ತಿಂದ ಹೋಗಾಂವ.”

ಕಾರಕೂನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಮೇಲೆ ಅವರು ಒಳಗೆ ತಿರುಗಿ ಶಿರಾ ಮಾಡಲು ಕೂಗಿ ಹೇಳಿದರು. ಒಳಗಿನಿಂದ ಹುಡುಗಿ ಬಂದಳು. ಅತ್ತ ಕಣ್ಣು. ಕಾಕಾ ಕೈಕಟ್ಟಿ ನಿಂತ, ಸಾಲಿಯಲ್ಲಿ ತಪ್ಪು ಲೆಕ್ಕ ಒಪ್ಪಿಸುವ ಹುಡುಗನಂತೆ.

“ನನ್ನ ಆಟನ ಅರ್ಧಾ ಇತ್ರಿ. ವರಾ ತಗೊಂಡವರನ್ನಷ್ಟ ತೂಗತಿದ್ದೆ. ನಿಮ್ಮ ಪ್ರಶ್ನಾ ಬರೂತನಕಾ ಅದು ತಲ್ಯಾಗ ಬರಲಿಲ್ಲ. ಈಗ ನಿಯಮ ಮಾಡೀನಿ ನೋಡ್ರಿ. ನೀವು ಮಾತಾಡೂವಾಗ ಯಾರೂ ಕವಡಿ ಒಗಿಯಂಗಿಲ್ಲ. ರಾಕ್ಷಸರು ನಿಂದ್ರಬೇಕು, ಹೊಳಿ ನಿಂದ್ರಬೇಕು, ಬಿಟ್ಟ ಬಾಣಾ ಸುದ್ದಾ ನಡುವ ನಿಂದ್ರಬೇಕು. ನಿಮ್ಮ ಮಾತಿನ ನಡುವ ಮತ್ತೊಬ್ಬರು ಮಾತು ತುಂಬಂಗಿಲ್ಲ. ನೀವು ಮುಗಿಸಿದ ಮ್ಯಾಲನ ಆಟ ಮುಂದ.”

ಅವಳು ಅವನನ್ನೇ ನೋಡಿದಳು.

“ಭಾ... ಭಾಳ ಹೊತ್ತಾದ್ರ?”

“ಕುಂದರೂಣು,” ಅಂದ ಕಾಕಾ.

ಶಿರಾ ಆಯಿತು. ಕಾಕಾ ಬಟ್ಟಲು ಬಳಿದು ತಿಂದ, ಮತ್ತೆ ಕೇಳಿ ಹಾಕಿಸಿಕೊಂಡ, ನನ್ನ ಬಟ್ಟಲಿಗೂ ಕೈಹಾಕಿದ. ಮುಂದಿನ ಲಗ್ನದ ಹಂಗಾಮಿನಲ್ಲಿ ಅವಳು ನಮ್ಮ ಕಾಕು ಆಗಿ ಮನೆಗೆ ಬಂದಳು.

ನಮ್ಮ ಮನೆ ನಿಮಗೆ ಗೊತ್ತಿಲ್ಲ. ಅದು ವ್ಯಾಪಾರಿಗಳ ಮನೆ. ಎಲ್ಲರೂ ಒಟ್ಟಿಗೇ ಮಾತಾಡುತ್ತೇವೆ, ಗಟ್ಟಿ ಗಂಟಲಿನವನ ಮಾತು ನಡೆಯುತ್ತದೆ. ಕಾಕು ಬಂದ ಮೇಲಿನ ಮೊದಲ ರವಿವಾರ ಅವಳೂ ಆಟಕ್ಕೆ ಕೂತಳು. ಅವಳ ಸರದಿ ಬಂತು. ಮಾತು ಸಿಕ್ಕಿಕೊಂಡಿತು. ಅಣ್ಣ ತನಗೆ ಗೊತ್ತಾಯಿತೆಂದು ಬಾಯಿ ತೆರೆದ. ಕಾಕಾ ಅವನತ್ತ ಒಮ್ಮೆ ನೋಡಿದ, ಅಣ್ಣ ಬಾಯಿ ಮುಚ್ಚಿದ. ಕೆಳಗೆ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ, ಅಪ್ಪ ಕಾಕಾನ ಹೆಸರು ಹಿಡಿದು ಕೂಗುತ್ತಿದ್ದ. ಅಜ್ಜಿ ಅಕ್ಕಿಯ ಮೊರ ಅಲ್ಲಾಡಿಸುವುದನ್ನೂ ನಿಲ್ಲಿಸಿದಳು. ಒಂದು ಕ್ಷಣ ಸುಮ್ಮನೆ ಕೂರಲಾರದ ನಮ್ಮ ಕಾಕಾ ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದು, ಅವಳ ಮುಖ ನೋಡುತ್ತ, ಜಗತ್ತಿನಲ್ಲಿ ತನಗೆ ಬೇರೆ ಕೆಲಸವೇ ಇಲ್ಲವೆಂಬಂತೆ ಕಾಯುತ್ತಿದ್ದ. ನನಗೆ ಅವನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

“ನಾ... ಹೊ... ಹೊ... ಹೊಳಿ ದಾಟ್ತೀನಿ,” ಅಂದಳು ಕಾಕು.

ಕಾಕಾ ಆಗ ಮುಷ್ಟಿ ತೆರೆದ.