ಸೊಸೆಯ ಕೋಲಿಗೆ ನನ್ನ ಉಪಚಾರ

ನಮ್ಮ ಸೊಸೆ ಕೈಯಲ್ಲಿ ಕೋಲು ಹಿಡಿದಿದ್ದಾಳೆ ಎಂದು ಗೊತ್ತಾದರೆ ಸಾಕು, ನನ್ನ ಓರಗೆಯ ಹೆಂಗಸರೆಲ್ಲ ನನ್ನ ಮೈಕೈ ತಡವಿ ಬಾಸುಂಡೆ ಹುಡುಕುತ್ತಾರೆ. ಆ ಕೋಲು ನನಗಲ್ಲ ಕಣ್ರೇ ಎಂದರೆ ನಂಬುವುದಿಲ್ಲ. (ನಂಬಿದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ, ಮುಖದಲ್ಲೇ ಕಾಣುತ್ತದೆ.)

ಅವಳು ಶಾಲೆಯ ವ್ಯಾನು ಓಡಿಸುತ್ತಾಳೆ. ಮಕ್ಕಳನ್ನೆಲ್ಲ ಮನೆ ಮುಟ್ಟಿಸಿ ಸಂಜೆ ಕರಾಟೆಗೆ ಹೋಗುತ್ತಾಳೆ. ಬರಿಗೈ ವಿದ್ಯೆ ಒಂದಷ್ಟು ಮೈಗೂಡಿದ ಮೇಲೆ ಮಾಸ್ಟರು ಆಯುಧ ಕೊಟ್ಟರು. ಮಾಸ್ಟರೆಂದರೆ ಜಗಜಟ್ಟಿ ಎಂದುಕೊಳ್ಳಬೇಡಿ. ಹಗಲಲ್ಲಿ ಕನ್ನಡಕದ ಅಂಗಡಿ ನಡೆಸುವ ಸಣಕಲು ಮನುಷ್ಯ. ಗ್ಯಾರೇಜಿನ ಮೇಲಿನ ಮಾಳಿಗೆಯಲ್ಲಿ ಪಾಠ. ನಾನು ಓದಿದ್ದು ಅಷ್ಟಕ್ಕಷ್ಟೆ, ಆದರೆ ಕಿವಿ ಚುರುಕು. ಮನೆಯಲ್ಲಿ ಗೋಡೆ ನೋಡುತ್ತ ಕೂರುವ ಬದಲು ಅಲ್ಲಿ ಬೆಂಚಿನ ಮೇಲೆ ಕೂತು ಕೇಳುತ್ತೇನೆ.

ಒಕಿನಾವಾ ಎಂಬ ದ್ವೀಪವಂತೆ. ಅಲ್ಲಿಯ ಜನ ಬರಿಗೈ ವಿದ್ಯೆಯ ಜೊತೆಗೇ ಕೈಗೆ ಸಿಕ್ಕ ಸಾಮಾನನ್ನೂ ಆಯುಧ ಮಾಡಿಕೊಂಡರಂತೆ. ಆಳಿಗಿಂತ ಎತ್ತರದ ಕೋಲು ‘ಬೋ’. ಬೀಸುವ ಕಲ್ಲಿನ ಹಿಡಿಯಂಥದ್ದು ‘ತೊನ್ಫಾ’. ಕುಡುಗೋಲೂ ಉಂಟು. ಕೊನೆಗೆ ದೋಣಿಯ ಹುಟ್ಟನ್ನೂ ಬಿಟ್ಟಿಲ್ಲ. ಅದರಲ್ಲಿ ಮರಳು ಚಿಮ್ಮಿಸಿ ಶತ್ರುವಿನ ಕಣ್ಣಿಗೆ ಎರಚುವ ವರಸೆಯಿದೆ! ಕೇಳಿ ನನಗೆ ಮೈ ಜುಮ್ಮೆಂದಿತು. ಜೀವಮಾನವೆಲ್ಲ ಸೌಟು, ಪೊರಕೆ, ಲಟ್ಟಣಿಗೆ ಹಿಡಿದ ನಾನು ಒಂದು ಶಸ್ತ್ರಾಗಾರದಲ್ಲೇ ಬದುಕಿದ್ದೆ, ಯಾರೂ ಹೇಳಿರಲಿಲ್ಲ.

ನನ್ನ ಮಗ ಲಿಫ್ಟು ರಿಪೇರಿ ಮಾಡುವವನು. ಅಷ್ಟು ಆಳದ ಲಿಫ್ಟಿನ ಗುಂಡಿಯಲ್ಲಿ ಜೋತಾಡುವಾಗ ಹೆದರದವನು ಹೆಂಡತಿ ಕೋಲೆತ್ತಿದರೆ ಸೋಫಾದ ಹಿಂದೆ ಸೇರುತ್ತಾನೆ.

“ಫ್ಯಾನ್ ಮುರಿದಾಯ್ತು, ಗಡಿಯಾರ ಒಡೆದಾಯ್ತು. ಇನ್ನು ಉಳಿದಿರೋದು ನನ್ನ ತಲೆ.”

“ತಲೆಗೇನೂ ಆಗಲ್ಲ ಬಿಡಿ. ಒಳಗೆ ಏನಾದ್ರೂ ಇದ್ರೆ ತಾನೆ ಒಡೆಯೋದು?” ಎಂದಳು ಸೊಸೆ.

“ಅಮ್ಮಾ, ನೋಡಮ್ಮ ಇವಳನ್ನ!”

“ನೋಡ್ತಾನೇ ಇದೀನಿ ಕಣೋ. ಅವಳ ಸೊಂಟ ನೋಡು, ಕೋಲಿನ ಜೊತೆಗೇ ಹೇಗೆ ತಿರುಗುತ್ತೆ! ನಿಂದು ಊಟಕ್ಕೆ ಕರೆದ್ರೂ ತಿರುಗಲ್ಲ.”

ನಿಜ ಹೇಳುತ್ತೇನೆ, ಎಷ್ಟು ನೋಡಿದರೂ ಸಾಲದು. ಬರಿಗೈಯಲ್ಲಿ ಗುದ್ದುವಾಗ ಬಲ ಯಾವ ಸೊಂಟದಿಂದ ಹೊರಡುತ್ತದೋ, ಕೋಲು ಬೀಸುವಾಗಲೂ ಅಲ್ಲಿಂದಲೇ. “ಕೋಲು ಅಂದ್ರೆ ಉದ್ದ ಆದ ಕೈ ಅಷ್ಟೆ” ಎನ್ನುತ್ತಾರೆ ಮಾಸ್ಟರು. ಅವಳು ಸರಿಯಾಗಿ ಬೀಸಿದರೆ ಗಾಳಿ ಸುಂಯ್ ಎನ್ನುತ್ತದೆ. ತಪ್ಪಿದರೆ ಬರೀ ಉಸ್ಸೆನ್ನುತ್ತದೆ. ಕಣ್ಣು ಮುಚ್ಚಿ ಕೂತೂ ನಾನು ಹೇಳಬಲ್ಲೆ.

ಆಯಿತು, ಕಪ್ಪು ಬೆಲ್ಟಿನ ಪರೀಕ್ಷೆ ಬಂತು. ಮೊದಲು ಬರಿಗೈ ವರಸೆ, ಆಮೇಲೆ ಕೋಲಿನದು. ಪಾಸಾದರೆ ಚಿಕ್ಕ ಮಕ್ಕಳ ತರಗತಿಯನ್ನು ಇವಳಿಗೇ ಒಪ್ಪಿಸುವುದಾಗಿ ಮಾಸ್ಟರು ಮಾತು ಕೊಟ್ಟಿದ್ದರು. ಸೊಸೆಗೆ ಅದೇ ಕನಸು. ವ್ಯಾನಿನಲ್ಲಿ ಕಚ್ಚಾಡುವ ಮಕ್ಕಳನ್ನು ಒಂದು ದಿನ ಸಾಲಾಗಿ ನಿಲ್ಲಿಸಬೇಕು ಎನ್ನುತ್ತಿದ್ದಳು. ಆದರೆ ನಡುವೆ ಕೋಲು ಕೈಜಾರಿ ಬಿತ್ತೋ, ಅಲ್ಲಿಗೇ ಫೇಲು.

ಪರೀಕ್ಷೆಗೆ ಮುಂಚೆ ಮಾಸ್ಟರು ಅವಳ ಕೋಲು ಸವರಿ ನೋಡಿ, “ಮರ ಒಣಗಿದೆ. ಬಟ್ಟೆಗೆ ಒಂದು ಹನಿ ಎಣ್ಣೆ ತಾಗಿಸಿ ಒರೆಸಿ” ಎಂದಿದ್ದರು. ವ್ಯಾನಿನ ಗಡಿಬಿಡಿಯಲ್ಲಿ ಅವಳಿಗೆ ಮರೆತೇ ಹೋಗಿತ್ತು. ನನಗೆ ಮರೆವೇ? ಪರೀಕ್ಷೆಯ ದಿನ ಅವಳು ಸ್ನಾನಕ್ಕೆ ಹೋದದ್ದೇ ತಡ, ಕೋಲನ್ನು ಮಂಚದ ಮೇಲೆ ಮಲಗಿಸಿದೆ. ಒಂದು ಹನಿಯಂತೆ! ಅಷ್ಟುದ್ದದ ಜೀವಕ್ಕೆ ಒಂದು ಹನಿ ಯಾವ ಮೂಲೆಗೆ? ನನ್ನ ಮಂಡಿನೋವಿನ ಎಣ್ಣೆ ಸೀಸೆ ತಂದು, ಬೊಗಸೆಗೆ ಸುರಿದುಕೊಂಡು, ಬುಡದಿಂದ ತುದಿಯವರೆಗೆ ತಿಕ್ಕಿದ್ದೇ ತಿಕ್ಕಿದ್ದು. ಕೋಲು ಮದುಮಗನ ಹಾಗೆ ಮಿರಮಿರ ಮಿಂಚಿತು. ಅದರ ಬಟ್ಟೆಯ ಚೀಲಕ್ಕೆ ಸೇರಿಸಿ ಮೂಲೆಯಲ್ಲಿ ನಿಲ್ಲಿಸಿದೆ.

ಮಾಳಿಗೆಯಲ್ಲಿ ಪರೀಕ್ಷೆ ಶುರುವಾಯಿತು. ಬರಿಗೈ ವರಸೆ ಬೆಂಕಿ! ಆಮೇಲೆ ಅವಳು ಚೀಲ ಬಿಚ್ಚಿ ಕೋಲು ಹಿಡಿದಳು. ಹಿಡಿದವಳ ಹುಬ್ಬು ಮೇಲೇರಿತು. ಅಷ್ಟರಲ್ಲಿ ಹೆಸರು ಕೂಗಿಯಾಗಿತ್ತು. ಮೊದಲ ಬೀಸಿಗೇ ಮಾಳಿಗೆಯ ತುಂಬ ಘಮಲು.

ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಮಗ ಮೂಗರಳಿಸಿದ. “ಅಮ್ಮಾ, ಇದೇನು ನಿನ್ನ ಮಂಡಿ ವಾಸನೆ?”

“ನನ್ನ ಮಂಡಿ ಇಲ್ಲೇ ಇದೆ ಕಣೋ.”

“ಮತ್ತೆ ವಾಸನೆ ಅಲ್ಲಿಂದ ಬರ್ತಿದೆಯಲ್ಲ?”

ಕೋಲು ಹಾವಿನ ಹಾಗೆ ಅವಳ ಕೈಯೊಳಗೆ ನುಸುಳುತ್ತಿತ್ತು. ಈಗ ಬಿತ್ತು, ಇನ್ನೇನು ಬಿತ್ತು! ಆದರೆ ನಮ್ಮ ಹುಡುಗಿ ಏನು ಸಾಮಾನ್ಯಳೇ? ಜಾರುವ ಕೋಲನ್ನು ಜಾರಲು ಬಿಟ್ಟು ಅದನ್ನೇ ಮುಂದಕ್ಕೆ ತಿವಿತ ಮಾಡಿದಳು. ತುದಿ ಬಂದಾಗ ಬೆರಳು ಬಿಗಿದು ನಿಲ್ಲಿಸಿದಳು, ಸೊಂಟ ಇಳಿಸಿ ತಿರುಗಿದಳು. ಸುಂಯ್! ಸುಂಯ್! ಕೊನೆಯ ಕೂಗಿಗೆ ಕಿಟಕಿ ಗಾಜು ನಡುಗಿತು. ಕೋಲು ಮಾತ್ರ ಅವಳ ಕೈಯಲ್ಲೇ ಇತ್ತು.

ಮಾಸ್ಟರು ಎದ್ದು ಬಂದು ಕೋಲಿಗೆ ಬೆರಳು ತಾಗಿಸಿ, ಮೂಸಿ ನೋಡಿದರು. “ಇಷ್ಟು ಜಾರೋ ಕೋಲನ್ನ ಹೀಗೆ ಹಿಡಿದವರನ್ನ ನಾನು ನೋಡಿಲ್ಲ. ಈ ಅಭ್ಯಾಸ ಯಾರು ಮಾಡಿಸಿದ್ದು?”

ಸೊಸೆ ನನ್ನ ಕಡೆ ಒಂದು ನೋಟ ಎಸೆದಳು. “ನಮ್ಮತ್ತೆ, ಮಾಸ್ಟ್ರೇ. ಮನೇಲಿ ಎಲ್ಲ ಅವರದೇ ತಯಾರಿ.”

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡು ಕೂರಬಾರದಿತ್ತೇ? ಸೆರಗು ಸರಿಮಾಡಿಕೊಂಡು ಎದ್ದು, “ಏನೋ ನನಗೆ ತಿಳಿದಷ್ಟು” ಎಂದುಬಿಟ್ಟೆ.

“ಹಾಗಾದ್ರೆ ಬನ್ನಿ ತಾಯಿ, ಆ ಹಿಡಿತ ನಮಗೂ ಸ್ವಲ್ಪ ತೋರಿಸಿ” ಎಂದು ಮಾಸ್ಟರು ಕೋಲನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು.

ನಾನೂ ಗಂಭೀರವಾಗಿ ಬಾಗಿ ಎರಡೂ ಕೈಯಲ್ಲಿ ಸ್ವೀಕರಿಸಿದೆ. ಸ್ವೀಕರಿಸಿದೆ ಎನ್ನುವುದಷ್ಟೇ, ಅದು ಸುರ್ರೆಂದು ನುಣುಚಿಕೊಂಡು ನೆಟ್ಟಗೆ ಮಾಸ್ಟರ ಕಾಲಿನ ಹೆಬ್ಬೆರಳ ಮೇಲೆ ಕೂತಿತು. ಆ ದಿನ ಮಾಳಿಗೆಯಲ್ಲಿ ಕೇಳಿದ ಕೂಗುಗಳಲ್ಲೆಲ್ಲ ಅವರದೇ ಅಮೋಘವಾದದ್ದು.

ಸೊಸೆ ಪಾಸಾದಳು. “ನಮ್ಮನೆಯಿಂದ ಇಬ್ಬರು ಪರೀಕ್ಷೆಗೆ ಕೂತಿದ್ರು, ಒಬ್ಬರು ಫೇಲು” ಎಂದು ಮಗ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಈಗ ಮಕ್ಕಳ ತರಗತಿ ಸೊಸೆಯದು. ಮೊದಲನೇ ದಿನವೇ ನನ್ನನ್ನು ಬೆಂಚಿನಿಂದ ಎಬ್ಬಿಸಿ ಆ ಚಿಳ್ಳೆಪಿಳ್ಳೆಗಳ ಸಾಲಿನ ಕೊನೆಯಲ್ಲಿ ನಿಲ್ಲಿಸಿದಳು.

“ಮೊದಲು ಬರಿಗೈ, ಅತ್ತೆ. ಆಯುಧ ಆಮೇಲೆ ನೋಡೋಣ. ಮುಷ್ಟಿ ಬಿಗಿ ಮಾಡಿ. ಹಾಗಲ್ಲ, ಇನ್ನೂ ಬಿಗಿ!”

ಮಾಡುತ್ತಿದ್ದೇನೆ, ಏನು ಮಾಡಲಿ? ಟೀಚರು ಬಹಳ ಸ್ಟ್ರಿಕ್ಟು.