ಕಳ್ಳನಿಗೂ ಸಿಗದ ಖಾನೆ

ಲೆಕ್ಕದ ಮೇಷ್ಟ್ರ ಕ್ಯಾಮೆರಾ ಮೊದಲಿನಿಂದಲೂ ಊಟದ ಚೀಲದಲ್ಲೇ ಶಾಲೆಗೆ ಬರುತ್ತಿತ್ತು. ಕೆಳಗೆ ಕ್ಯಾಮೆರಾ, ಮೇಲೆ ಡಬ್ಬಿ, ನಡುವೆ ಒಂದು ಹಳೆಯ ಟವೆಲ್ಲು. ಹೋದ ವಾರ ಡಬ್ಬಿಯ ಮುಚ್ಚಳ ಸಡಿಲವಾಗಿ ಎಣ್ಣೆ ಟವೆಲ್ಲನ್ನು ದಾಟಿ ಲೆನ್ಸಿನ ಹೊಟ್ಟೆಗೇ ಇಳಿಯಿತು. ಅಂದಿನಿಂದ ಅವರು ತೆಗೆದ ಫೋಟೋದಲ್ಲಿ ಎಲ್ಲರೂ ಆಗತಾನೇ ಬಚ್ಚಲುಮನೆಯಿಂದ ಎದ್ದು ಬಂದವರ ಹಾಗೆ ಹೊಗೆಹೊಗೆಯಾಗಿ ಕಾಣತೊಡಗಿದರು.

ಆಗಲೇ ಹೆಡ್‌ಮಿಸ್ಟ್ರೆಸ್ಸರ ನಿವೃತ್ತಿ ಬಂತು. ಶಾಲೆಯವರೆಲ್ಲ 'ದೊಡ್ಡ ಮೇಡಂ' ಎನ್ನುವ ಅವರು ಉಡುಗೊರೆ ಬೇಡ, ಭಾಷಣವೂ ಬೇಡ ಎಂದಿದ್ದರು. "ಎಲ್ರೂ ಇರೋ ಒಂದು ಫೋಟೋ ಚೆನ್ನಾಗಿ ತೆಗೆದುಕೊಡಿ ಮೇಷ್ಟ್ರೇ. ಗೋಡೆಗೆ ಹಾಕ್ಕೋತೀನಿ, ಅಷ್ಟೇ ಸಾಕು" ಎಂದಿದ್ದರು.

ಮೇಷ್ಟ್ರು ಭಾವನ ಬಳಿಗೆ ಓಡಿದರು. ಭಾವ ಎಂದರೆ ಅಕ್ಕನ ಗಂಡ, ಬೆಂಕಿಪೊಟ್ಟಣ ಕೇಳಿದರೆ ಕಡ್ಡಿ ಎಣಿಸಿ ಕೊಡುವ ಆಸಾಮಿ. "ಲೆನ್ಸು ಕೊಡ್ತೀನಿ ಕಣಯ್ಯಾ. ಆದ್ರೆ ಆ ಊಟದ ಚೀಲಕ್ಕೆ ಹಾಕಿದ್ದು ಗೊತ್ತಾದ್ರೆ ನಿನ್ನನ್ನ ಈ ಮನೆ ಮೆಟ್ಟಿಲು ಹತ್ತಿಸಲ್ಲ. ಮೊದ್ಲು ಒಂದು ಒಳ್ಳೆ ಬ್ಯಾಗ್ ತಗೋ" ಎಂದು ಲೆನ್ಸನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟರು.

ಫೋಟೋ ತೆಗೆಯುವ ದಿನ ಬೆಳಿಗ್ಗೆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಭಾವನ ಲೆನ್ಸು, ಹೊಸ ಬ್ಯಾಗು ಎಂದು ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಕಪ್ಪು ಬ್ಯಾಗ್ ತಗೋಬೇಡಿ, ಬಿಸಿಲು ಹೀರ್ಕೊಳ್ಳತ್ತೆ" ಎಂದರು ಸೈನ್ಸ್ ಮಿಸ್ಸು. "ಬಿಳೀದೂ ಬೇಡ, ಕೊಳೆ ಆಗತ್ತೆ. ಮಧ್ಯದ್ದು ಯಾವ್ದಾದ್ರೂ ನೋಡಿ."

"ಬ್ಯಾಗ್ ಅಂದ್ರೆ ಬೆನ್ನಿನ ವಿಷಯ. ಬೆನ್ನು ಅಂದ್ರೆ ನನ್ನ ವಿಷಯ. ನಡೀರಿ" ಎಂದು ಡ್ರಿಲ್ ಮೇಷ್ಟ್ರು ಎದ್ದೇಬಿಟ್ಟರು. ಕೊರಳಲ್ಲಿ ಸೀಟಿ, ಹೆಗಲಲ್ಲಿ ಸದಾ ಒಂದು ಕೈಚೀಲ. ಕರೆಯದೆ ಬರುವುದು ಅವರ ದೊಡ್ಡ ಗುಣ.

ಅಂಗಡಿಯಲ್ಲಿ ಡ್ರಿಲ್ ಮೇಷ್ಟ್ರು ಒಂದೊಂದೇ ಬ್ಯಾಗನ್ನು ಬೆನ್ನಿಗೇರಿಸಿ ನಿಂತಲ್ಲೇ ಓಡಿದರು, ಬಗ್ಗಿದರು, ಬಸ್ಕಿ ಹೊಡೆದರು. ಒಂದು ಜಾರಿತು. ಇನ್ನೊಂದು ಹೊಸ ಚಪ್ಪಲಿಯಂತೆ ಕಿರ್ರೆಂದಿತು. ಮೂರನೆಯದರ ಮೇಲೆ ಗೇಣುದ್ದ ಕ್ಯಾಮೆರಾದ ಚಿತ್ರವಿತ್ತು. "ಇದು ಕಳ್ಳನಿಗೆ ಕರೆಯೋಲೆ. ಇಡ್ರೀ ಆ ಕಡೆ" ಎಂದರು ಡ್ರಿಲ್ ಮೇಷ್ಟ್ರು.

"ಕ್ಯಾಮೆರಾ ಬ್ಯಾಗ್ ಹಾಕ್ಕೊಂಡು ಬಸ್ಕಿ ಹೊಡೆಯೋರನ್ನ ಇವತ್ತೇ ನೋಡಿದ್ದು ಸಾರ್" ಎಂದ ಅಂಗಡಿಯವನು.

ಕೊನೆಗೆ ಬೂದಿ ಬಣ್ಣದ ಒಂದು ಬ್ಯಾಗು ಬಸ್ಕಿ ಪರೀಕ್ಷೆಯಲ್ಲಿ ಪಾಸಾಯಿತು. ಡ್ರಿಲ್ ಮೇಷ್ಟ್ರು ಸ್ಕೂಟರ್ ತಿರುಗಿಸಲು ಹೊರಗೆ ಹೋದರು. "ಇದರಲ್ಲಿ ಕಳ್ಳನಿಗೂ ಸಿಗದ ಖಾನೆ ಒಂದಿದೆ ಸಾರ್. ಕೊಡಿ ತೋರಿಸ್ತೀನಿ" ಎಂದು ಅಂಗಡಿಯವನು ಕ್ಯಾಮೆರಾ, ಲೆನ್ಸು ಎರಡನ್ನೂ ಎಳೆದುಕೊಂಡ. ಅದೇ ಹೊತ್ತಿಗೆ ಮೇಷ್ಟ್ರ ಫೋನು ಬಡಿದುಕೊಂಡಿತು. ಆ ಕಡೆ ಸೈನ್ಸ್ ಮಿಸ್ಸು. "ಎಲ್ರೂ ಕುರ್ಚಿ ಮೇಲೆ ಕೂತಾಯ್ತು! ದೊಡ್ಡ ಮೇಡಂ ಪೌಡರೆಲ್ಲಾ ಕರಗ್ತಾ ಇದೆ! ಎಲ್ಲಿದೀರಿ?"

"ಬಂದೆ, ಬಂದೆ!"

"ಗೊತ್ತಾಯ್ತಲ್ಲ ಸಾರ್?" ಎಂದು ಅಂಗಡಿಯವನು ಜಿಪ್ಪು ಎಳೆದ.

"ಗೊತ್ತಾಯ್ತು, ಗೊತ್ತಾಯ್ತು" ಎಂದರು ಏನೂ ಗೊತ್ತಾಗದ ಮೇಷ್ಟ್ರು. ಅವರು ಸ್ಕೂಟರ್ ಹತ್ತಿದರು, ಡ್ರಿಲ್ ಮೇಷ್ಟ್ರು ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಹಿಂದೆ ಕೂತರು.

ಶಾಲೆಯ ಅಂಗಳದಲ್ಲಿ ಮೂರು ಸಾಲು ಜನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಿದ್ದರು. ಮೇಷ್ಟ್ರು ಗತ್ತಿನಿಂದ ಬ್ಯಾಗು ತೆರೆದರು. ಕ್ಯಾಮೆರಾ ಇತ್ತು, ಲೆನ್ಸು ಇರಲಿಲ್ಲ. ಒಂದೊಂದೇ ಖಾನೆ ತಡಕಿದರು, ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದರು. ಕ್ಯಾಮೆರಾ ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿತ್ತು. ಭಾವನ ಮುಖ ಕಣ್ಣ ಮುಂದೆ ಬಂದು ಮೇಷ್ಟ್ರ ಬುದ್ಧಿ ಅಲ್ಲಿಗೆ ನಿಂತುಹೋಯಿತು.

"ಬ್ಯಾಗ್ ನಿಮ್ಮ ಬೆನ್ನ ಮೇಲೇ ಇತ್ತಲ್ಲ ಸಾರ್" ಎಂದರು ಡ್ರಿಲ್ ಮೇಷ್ಟ್ರತ್ತ ತಿರುಗಿ.

"ಇತ್ತು. ಅದಕ್ಕೆ?"

"ಅದಕ್ಕೆ... ದಾರೀಲಿ ಕೈ ಹಾಕೋಕೆ ಬೇರೆ ಯಾರೂ ಇರ್ಲಿಲ್ಲ."

ಮೂರೂ ಸಾಲಿನ ತಲೆಗಳು ಡ್ರಿಲ್ ಮೇಷ್ಟ್ರತ್ತ ತಿರುಗಿದವು. ಆಡಿದ ಮಾತನ್ನು ಮೇಷ್ಟ್ರು ತಾವೇ ಕೇಳಿಸಿಕೊಂಡು ಬೆಚ್ಚಿದರು. ಆದರೆ ಮಾತು ಆಡಿದರೆ ಹೋಯಿತು.

ಡ್ರಿಲ್ ಮೇಷ್ಟ್ರು ಜಗಳಕ್ಕೆ ನಿಲ್ಲಲಿಲ್ಲ. ಹೆಗಲಿನ ಕೈಚೀಲ ತೆಗೆದು ಎಲ್ಲರ ಮುಂದೆ ಬೆಂಚಿನ ಮೇಲೆ ಸುರಿದರು. ಒಂದು ಬಾಚಣಿಗೆ, ಕರ್ಚೀಫು, ನೋವಿನ ಮುಲಾಮು, ಮತ್ತೆ ಮೊಣಕಾಲಿಗೆ ಬಿಗಿಯುವ ಎರಡು ದಪ್ಪ ಪಟ್ಟಿಗಳು. ದಿನಾ ಬೆಳಿಗ್ಗೆ 'ಮೊಣಕಾಲು ಎತ್ತಿ, ಇನ್ನೂ ಎತ್ತಿ' ಎಂದು ಮಕ್ಕಳ ಜೀವ ತೆಗೆಯುತ್ತಿದ್ದ ಮನುಷ್ಯ ಆ ಪಟ್ಟಿಗಳನ್ನು ಯಾರ ಮುಖವನ್ನೂ ನೋಡದೆ ಮಡಚಿ ಒಳಗಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಲೆಕ್ಕದ ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮೊದ್ಲು ಬೆವರು ಒರೆಸ್ಕೊಳ್ಳಿ" ಎಂದು ಡ್ರಿಲ್ ಮೇಷ್ಟ್ರು ಕರ್ಚೀಫನ್ನು ಅವರ ಕೈಗೆ ತುರುಕಿದರು. ಅದರ ಮೂಲೆಯಲ್ಲಿ ಡ್ರಿಲ್ ಮೇಷ್ಟ್ರ ಮಗಳು ಕೆಂಪು ದಾರದಲ್ಲಿ ಒಂದು ಸೀಟಿ ಹೊಲಿದಿದ್ದಳು. "ಅಂಗಡೀಲೇ ಬಿಟ್ಟಿರ್ತೀರಿ. ನಾನು ಹೋಗಿ ನೋಡ್ಕೊಂಡು ಬರ್ತೀನಿ."

ಬಿಸಿಲಿನಲ್ಲಿ ಅವರು ನಡೆದೇ ಹೋದರು. ಈಗ ಗುಟ್ಟು ರಟ್ಟಾಗಿದ್ದರಿಂದಲೋ ಏನೋ, ಕುಂಟುವುದನ್ನು ಮುಚ್ಚಿಡಲಿಲ್ಲ.

ಫೋಟೋವನ್ನು ಗೇಟಿನ ಕಾವಲುಗಾರ ತನ್ನ ಫೋನಿನಲ್ಲಿ ತೆಗೆದ. ದೊಡ್ಡ ಮೇಡಂ ಇದ್ದ ಜಾಗದಲ್ಲಿ ಅವನ ಹೆಬ್ಬೆರಳು ಬಂದಿತ್ತು. "ಹೋಗ್ಲಿ ಬಿಡಿ ಮೇಷ್ಟ್ರೇ. ನನ್ನ ಮುಖ ನೋಡಿ ನೋಡಿ ನಿಮಗೂ ಸಾಕಾಗಿದೆ" ಎಂದು ಮೇಡಂ ತಾವೇ ಮೇಷ್ಟ್ರನ್ನು ಸಮಾಧಾನ ಮಾಡಿ ಆಟೋ ಹತ್ತಿ ಹೊರಟುಹೋದರು.

ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತ ಮೇಷ್ಟ್ರು ಆ ದರಿದ್ರ ಬ್ಯಾಗನ್ನು ಮೇಜಿನ ಮೇಲೆ ಎತ್ತಿ ಕುಕ್ಕಿದರು. ಬೆನ್ನಿಗೆ ತಾಗುವ ಮೆತ್ತೆಯ ಹಿಂದೆ ಏನೋ ಟಣ್ ಎಂದಿತು. ಬೆರಳಾಡಿಸಿದರೆ ಮೆತ್ತೆಯ ಅಂಚಿನ ಕೆಳಗೆ ಒಂದು ಜಿಪ್ಪು. ಅದರೊಳಗೆ ಲೆನ್ಸು ತೊಟ್ಟಿಲಿನ ಮಗುವಿನಂತೆ ಮಲಗಿತ್ತು. ಕಳ್ಳನಿಗೂ ಸಿಗದ ಖಾನೆ!

ಒಂದು ಕ್ಷಣ ಜೀವ ಬಂತು. ಮರುಕ್ಷಣ ಆ ಎರಡು ಪಟ್ಟಿಗಳು ನೆನಪಾಗಿ ಬಂದ ಜೀವ ಹೋಯಿತು. ಬಾಗಿಲಲ್ಲಿ ಸೈನ್ಸ್ ಮಿಸ್ಸಿನ ಚಪ್ಪಲಿ ಸದ್ದಾಯಿತು. ಮೇಷ್ಟ್ರು ಕೈಯಲ್ಲಿದ್ದ ಬಟ್ಟೆಯನ್ನೇ ಲೆನ್ಸಿಗೆ ಸುತ್ತಿ, ಅದೇ ಖಾನೆಗೆ ತುರುಕಿ ಜಿಪ್ಪು ಎಳೆದರು.

"ಸಿಕ್ತಾ?" ಎಂದರು ಮಿಸ್ಸು.

"ಎಲ್ಲಿ ಸಿಗತ್ತೆ" ಎಂದರು ಮೇಷ್ಟ್ರು. ಅವರ ಸ್ವರ ಅವರಿಗೇ ಅಸಹ್ಯವಾಯಿತು.

ಡ್ರಿಲ್ ಮೇಷ್ಟ್ರು ಸಂಜೆಯಾದರೂ ಶಾಲೆಗೆ ಮರಳಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಒಂದು ಉಪಾಯ ಹೂಡಿದ್ದರು. ಲೆನ್ಸನ್ನು ಸದ್ದಿಲ್ಲದೆ ಭಾವನಿಗೆ ಒಪ್ಪಿಸುವುದು. ನಾಳೆ ಶಾಲೆಯಲ್ಲಿ, ಅಂಗಡಿಯವನಿಗೇ ಸಿಕ್ಕಿತಂತೆ ಎನ್ನುವುದು. ಡ್ರಿಲ್ ಮೇಷ್ಟ್ರ ಕ್ಷಮೆಯನ್ನು ಆಮೇಲೆ ಯಾವಾಗಲಾದರೂ ಕೇಳಿದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಭಾವನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಸೋಫಾದ ತುದಿಯಲ್ಲಿ, ಅಕ್ಕ ಕೊಟ್ಟ ಟೀ ಹಿಡಿದುಕೊಂಡು, ಡ್ರಿಲ್ ಮೇಷ್ಟ್ರು ಕೂತಿದ್ದರು.

"ಬಾರಯ್ಯಾ" ಎಂದರು ಭಾವ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಲೆನ್ಸ್ ಕಳೆದಿದ್ದು ತಾನೇ ಅಂತ ಹೇಳೋಕೆ ಇವರು ಇಲ್ಲೀವರೆಗೂ ಬಂದಿದಾರೆ. ನಿನ್ನದೇನೂ ತಪ್ಪಿಲ್ವಂತೆ. ನಿನಗೆ ಒಂದು ಮಾತೂ ಅನ್ನಬಾರದಂತೆ."

"ಅಂಗಡಿ ಬಾಗಿಲು ಹಾಕಿತ್ತು. ಬ್ಯಾಗ್ ನನ್ನ ಬೆನ್ನ ಮೇಲೇ ಇತ್ತಲ್ಲ. ಜವಾಬ್ದಾರಿ ನಂದೇ" ಎಂದರು ಡ್ರಿಲ್ ಮೇಷ್ಟ್ರು ಟೀಯನ್ನೇ ನೋಡುತ್ತ.

ಈಗ ಹೇಳಿಬಿಡು ಎಂದಿತು ಒಳಗಿನ ದನಿ. ಮೇಷ್ಟ್ರು ಬಾಯಿ ತೆರೆದರು. "ಅಯ್ಯೋ, ಪರವಾಗಿಲ್ಲ ಸಾರ್" ಎಂಬ ಮಾತು ಹೊರಗೆ ಬಂತು.

"ಪರವಾಗಿಲ್ಲ ಅನ್ನೋಕೆ ಲೆನ್ಸು ನಿಮ್ಮಪ್ಪಂದಾ? ಕೊಡಿಲ್ಲಿ ಬ್ಯಾಗು" ಎಂದು ಭಾವ ಕಿತ್ತುಕೊಂಡರು. "ಅರೆ, ನಂದೂ ಇದೇ ಬ್ಯಾಗ್ ಕಣೋ! ಹಿಂದುಗಡೆ ಖಾನೆ ನೋಡಿದ್ಯೇನು?"

ಮೇಷ್ಟ್ರು ತಡೆಯುವ ಮೊದಲೇ ಭಾವನ ಪಳಗಿದ ಬೆರಳು ಮೆತ್ತೆಯ ಕೆಳಗೆ ನುಗ್ಗಿ ಜಿಪ್ಪು ಎಳೆಯಿತು.

"ಇಲ್ಲೇ ಇದೆಯಲ್ಲೋ ಪೆದ್ದೇ! ಪಾಪ, ಇವನಿಗೆ ಖಾನೆ ಇರೋದೇ ಗೊತ್ತಿಲ್ಲ!" ಎಂದು ಭಾವ ಗಹಗಹಿಸಿದರು. ಅಕ್ಕನೂ ನಕ್ಕಳು. ಮೇಷ್ಟ್ರೂ ಬದುಕಿದೆ ಎಂದುಕೊಂಡು ಜೊತೆಗೂಡಿ ನಕ್ಕರು.

ಡ್ರಿಲ್ ಮೇಷ್ಟ್ರು ಮಾತ್ರ ನಗಲಿಲ್ಲ. ಭಾವ ಲೆನ್ಸಿನಿಂದ ಬಿಡಿಸಿ ಎಸೆದ ಬಟ್ಟೆ ಅವರ ತೊಡೆಯ ಮೇಲೆ ಬಿದ್ದಿತ್ತು. ಅದರ ಮೂಲೆಯಲ್ಲಿ ಒಂದು ಕೆಂಪು ಸೀಟಿ.

ಅವರು ಕರ್ಚೀಫನ್ನು ತಿರುಗಿಸಿ ನೋಡಿದರು, ಮೇಷ್ಟ್ರನ್ನು ನೋಡಿದರು. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಮೇಷ್ಟ್ರ ನಗು ಅರ್ಧದಲ್ಲೇ ನಿಂತು ಮುಖದ ಮೇಲೆ ಒಣಗಿತು.

ಲೆನ್ಸು ಭಾವನ ಬೀರು ಸೇರಿತು. ಇಬ್ಬರೂ ಹೊರಗೆ ಬಂದರು. ಮೇಷ್ಟ್ರು ಸ್ಕೂಟರ್ ಹತ್ತಿರ ನಿಂತು, ತಲೆ ಎತ್ತದೆ, "ಸಾರ್... ಬನ್ನಿ, ಮನೆಗೆ ಬಿಡ್ತೀನಿ" ಎಂದರು.

ಡ್ರಿಲ್ ಮೇಷ್ಟ್ರು ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಹಿಂದೆ ಕೂತರು. ಆಮೇಲೆ ಕೈ ಚಾಚಿದರು.

"ಬ್ಯಾಗ್ ಕೊಡಿ, ನಾನು ಹಾಕ್ಕೋತೀನಿ. ಹೆದರ್ಬೇಡಿ, ಈಗ ಲೆನ್ಸ್ ಇಲ್ವಲ್ಲ."