ಗಡಿಯಾರಕ್ಕೆ ಗುಳಿಗಿ ಆತು

ನನ್ನ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಅದು ಬರೀ ಮರೆತಿದ್ದರೆ ಸಹಿಸಬಹುದಿತ್ತು. ಮರೆತ ಜಾಗದಲ್ಲಿ ತಾನೇ ಏನನ್ನೋ ತುಂಬಿ, ನಡೆದದ್ದೇ ಹೀಗೆ ಎಂದು ಸಾಧಿಸುತ್ತದೆ. ಸಿಂದಗಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು ನಾನು. ‘ಆಗ ಬರೆದಿಟ್ಟದ್ದನ್ನು ನಂಬಿ, ಆಮೇಲೆ ಹೇಳಿದ್ದನ್ನು ಸಂಶಯಿಸಿ’ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆ ಮಾತಿಗೆ ಕಟ್ಟುಬಿದ್ದು ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ದಿನಚರಿ ಬರೆಯುತ್ತಿದ್ದೇನೆ. ಆದರೆ ಸಂಗತಿಗಳು ನಡೆಯುವುದು ಮುಂಜಾನೆ, ನಾನು ಬರೆಯುವುದು ಸಂಜೆ. ನಡುವಿನ ಹತ್ತು ತಾಸಿನಲ್ಲಿ ನೆನಪು ಒಳಗೆ ಕೂತು ಏನೇನು ತಿದ್ದಿರುತ್ತದೋ ಯಾರಿಗೆ ಗೊತ್ತು.

ಇದು ತೊಂದರೆಯಾದದ್ದು ಬಿ.ಪಿ. ಗುಳಿಗೆ ಶುರುವಾದ ಮೇಲೆ. ದಿನಾ ಮುಂಜಾನೆ ಎಂಟಕ್ಕೆ ಒಂದು. ದಿನವೂ ಒಂದೇ ಥರ ಮಾಡುವ ಕೆಲಸದಲ್ಲಿ ಇವತ್ತಿನದು ಯಾವುದು, ನಿನ್ನೆಯದು ಯಾವುದು ಎಂದು ತಲೆಯಲ್ಲಿ ಬೇರೆ ಮಾಡುವುದು ಕಷ್ಟ. ಒಂದು ದಿನ, ಇನ್ನೂ ತೆಗೆದುಕೊಂಡಿಲ್ಲವೆಂದು ಎರಡನೆಯದನ್ನೂ ನುಂಗಿ, ಪಾಠದ ನಡುವೆ ತಲೆ ಸುತ್ತಿ ಕುರ್ಚಿ ಹಿಡಿದು ಕೂತೆ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತು. ಏಳು ದಿನಕ್ಕೆ ಏಳು ಖಾನೆಗಳಿರುವ ನನ್ನ ಗುಳಿಗೆಯ ಡಬ್ಬಿಯನ್ನು ಹೆಂಡತಿ ಮಹಾದೇವಿ ಎತ್ತಿಕೊಂಡು ಹೋಗಿ ಅಡುಗೆಮನೆಯ ಹಲಗೆಯ ಮೇಲೆ, ಹುಣಸೆಹಣ್ಣಿನ ಭರಣಿಯ ಹಿಂದೆ ಇಟ್ಟಳು. ಅಂದಿನಿಂದ ದಿನಾ ಎಂಟಕ್ಕೆ ನನ್ನ ಅಂಗೈಗೆ ಒಂದು ಗುಳಿಗೆ ಹಾಕಿ, ಲೋಟದ ನೀರು ಕೊಟ್ಟು, ನುಂಗುವ ತನಕ ಎದುರಿಗೆ ನಿಲ್ಲುತ್ತಿದ್ದಳು. ಬಾಯಿ ತೆಗೆದು ತೋರಿಸಿರಿ ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ಎಲ್ಲಿ ಅಂದಾಳೋ ಎಂಬ ಅಂಜಿಕೆಯಲ್ಲಿ ನಾನೇ ತೋರಿಸುತ್ತಿದ್ದೆ. ಐವತ್ತೆರಡನೆಯ ವಯಸ್ಸಿಗೆ ಇದೇನು ಮರ್ಯಾದೆ? ಆ ಡಬ್ಬಿಯನ್ನು ಮರಳಿ ಪಡೆಯಲೇಬೇಕೆಂದು ನಿಶ್ಚಯಿಸಿದೆ.

ದಾರಿ ತೋರಿಸಿದವರು ನಮ್ಮಲ್ಲಿ ಕಂಪ್ಯೂಟರ್ ಕಲಿಸುವ ರೇಣುಕಾ ಮೇಡಮ್. ಅವರ ಕೈಯಲ್ಲಿ ಒಂದು ಚೌಕ ಗಡಿಯಾರವಿತ್ತು. “ಸರ್, ಇದರ ಒಳಗಿನ ಪ್ರೋಗ್ರಾಮ್ ಎಲ್ಲಾ ಬಿಚ್ಚಿಟ್ಟಾರ್ರಿ. ಯಾರು ಬೇಕಾದ್ರೂ ಓದಬಹುದು, ತಮಗ ಬೇಕಾದಂಗ ತಿದ್ಕೋಬಹುದು,” ಎಂದರು.

“ಕೆಟ್ರ?”

“ಕೆಟ್ರೂ ನಾವ ತಿದ್ಕೋಬೇಕ್ರಿ.”

ಸಂಸಾರವೂ ಹೀಗೇ ಅಲ್ಲವೇ ಎಂದುಕೊಂಡು ನಾನೂ ಒಂದನ್ನು ತರಿಸಿದೆ. ಪ್ರೋಗ್ರಾಮ್ ತಿದ್ದುವುದನ್ನು ಮೇಡಮ್ ಬಿಡುವಿನ ವೇಳೆಯಲ್ಲಿ ತಾಳ್ಮೆಯಿಂದ ಕಲಿಸಿದರು.

ಮೊದಲ ತಕರಾರು ಅಕ್ಷರದ್ದು. ಗಡಿಯಾರಕ್ಕೆ ಕನ್ನಡ ಬರುತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ ರಂಗೋಲಿಯ ಹಾಗೆ ಚುಕ್ಕೆ ಕೂಡಿಸಿ ನಾನೇ ಬರೆಯಬೇಕು. ‘ಮಾತ್ರೆ ತೆಗೆದುಕೊಳ್ಳಿ’ ಎಂದು ಬರೆಯಲು ಎರಡು ರವಿವಾರ ಹಿಡಿಯಿತು. ನೋಡಿದರೆ ಕೆಳಗೆ ಒತ್ತಕ್ಷರಕ್ಕೆ ಜಾಗವೇ ಇಲ್ಲ; ಸತ್ತ ಇರುವೆ ಅಂಟಿಕೊಂಡ ಹಾಗೆ ಕಾಣುತ್ತಿತ್ತು. ಹಿಂದಿನಿಂದ ಬಗ್ಗಿ ನೋಡಿದ ಮಹಾದೇವಿ, “ಗುಳಿಗಿ ಅಂತ ಬರೀರಿ. ಅದರಾಗ ಒತ್ತು ಎಲ್ಲೈತಿ?” ಎಂದಳು. ಉತ್ತರಪತ್ರಿಕೆಯಲ್ಲಿ ‘ಸಾಲಿ’, ‘ಮನಿ’ ಕಂಡರೆ ಕೆಂಪು ಗೆರೆ ಎಳೆಯುವವನು ನಾನು. ಆದರೂ ಬೇರೆ ದಾರಿಯಿರಲಿಲ್ಲ, ‘ಗುಳಿಗಿ’ ಎಂದೇ ಬರೆದೆ. ನುಂಗಿದ ಮೇಲೆ ಮೂಡಬೇಕಾದ ‘ಆಯಿತು’ ಕೂಡ ಅಗಲ ಸಾಲದೆ ‘ಆತು’ ಆಯಿತು.

ಎರಡನೆಯದು ಗುಂಡಿಯದು. ನುಂಗಿದ ಮೇಲೆ ಪಕ್ಕದ ಗುಂಡಿ ಒತ್ತಿದರೆ ‘ಆತು’ ಬರಬೇಕು. ಅದನ್ನೇ ತುಸು ಹೆಚ್ಚು ಹೊತ್ತು ಒತ್ತಿದರೆ ಗಡಿಯಾರ ಆರಿ ಮತ್ತೆ ಹತ್ತುತ್ತದೆ. ಹತ್ತಿದಾಗ ನಮ್ಮ ದೇಶದ ವೇಳೆ ಮರೆತು ಐದೂವರೆ ತಾಸು ಹಿಂದೆ ಹೋಗಿರುತ್ತದೆ. ನನ್ನ ಬೆರಳು ಭಾರ. ಒಂದು ದಿನ ಮಧ್ಯಾಹ್ನ ಒಂದೂವರೆಗೆ, ಬಹಮನಿ ಸುಲ್ತಾನರ ನಡುವೆ, ಮುಂಜಾನೆ ಎಂಟಾಯಿತೆಂದು ತಿಳಿದು ಅದು ಗುಂಯ್‌ಗುಟ್ಟಿತು. ಮುಂದಿನ ಬೆಂಚಿನ ಹುಡುಗಿ, “ಸರ್ರ, ಗುಳಿಗಿ ಅಂತ ಬಂದೈತ್ರಿ,” ಎಂದು ಓದಿ ಹೇಳಿದಳು. ನನ್ನ ಅಕ್ಷರ ಬೇರೆಯವರಿಗೂ ಓದಲು ಬರುತ್ತದೆ ಎಂದು ಆ ಸಂಕಟದಲ್ಲೂ ಖುಷಿಯಾಯಿತು. ಗಡಿಯಾರವೂ ನನ್ನಂತೆ ಮರೆಗುಳಿ ಎಂದು ಗೊತ್ತಾದ ಮೇಲೆ ಅದರ ಮೇಲೆ ಸಿಟ್ಟೂ ಬರಲಿಲ್ಲ. ವೇಳೆಯ ಸಾಲನ್ನು ತಿದ್ದಿದೆ. ಗುಂಡಿಯ ಕೆಲಸ ತಪ್ಪಿಸಿ, ಗಾಜಿನ ಮೇಲೆ ಎರಡು ಸಲ ತಟ್ಟಿದರೆ ‘ಆತು’ ಬರುವಂತೆ ಮಾಡಿದೆ.

“ಕೈ ಜೋರಾಗಿ ಅಲುಗಿದ್ರೂ ಅದಕ್ಕ ತಟ್ಟಿದಂಗ ತಿಳಿತೈತಿ ಸರ್, ಹುಷಾರ್ರಿ,” ಎಂದರು ಮೇಡಮ್.

“ಇತಿಹಾಸ ಹೇಳಾವನ ಕೈ ಏನು ಅಲುಗೀತ್ರಿ?” ಎಂದು ನಕ್ಕೆ.

ಎಲ್ಲ ಸಜ್ಜಾದ ಮೇಲೆ ಮಹಾದೇವಿ ಕರಾರು ಹೇಳಿದಳು. “ಎಂಟ ದಿನ ಡಬ್ಬಿ ನಿಮ್ಮ ಮೇಜಿನ ಮ್ಯಾಲ ಇರ್ತೈತಿ. ಒಂದ ಗುಳಿಗಿ ಹೆಚ್ಚುಕಡಿಮಿ ಆದ್ರ ಮತ್ತ ಹುಣಸಿಹಣ್ಣಿನ ಹಿಂದ.”

ಏಳು ದಿನ ಸುಸೂತ್ರವಾಗಿ ಕಳೆದವು. ಎಂಟಕ್ಕೆ ಗುಂಯ್ ಎನ್ನುತ್ತಿತ್ತು, ನಾನು ನುಂಗುತ್ತಿದ್ದೆ, ಟಕ್ ಟಕ್ ಎಂದು ತಟ್ಟುತ್ತಿದ್ದೆ. ಖಾಲಿಯಾದ ಖಾನೆಗಳನ್ನು ಮಹಾದೇವಿ ಮತ್ತೆ ತುಂಬಿಟ್ಟಳು. ಎಂಟನೆಯ ದಿನ ಹೂವಿನ ಹಿಪ್ಪರಗಿಯಲ್ಲಿ ಅವಳ ತಮ್ಮನ ಬಸುರಿ ಹೆಂಡತಿಯ ಕುಬಸ. ಆರು ಗಂಟೆಯ ಬಸ್ಸಿಗೆ ಹೊರಟವಳು, “ಖಾನಾವಳಿಯಿಂದ ರೊಟ್ಟಿ ತರಿಸ್ಕೋರಿ,” ಎಂದಳು.

“ಯಾಕ? ನಾನ ಬಡ್ಕೋತೇನಿ. ಧಾರವಾಡದಾಗ ರೂಮಿನ್ಯಾಗ ದಿನಾ ನಾನ ಬಡೀತಿದ್ನಿ.”

ಇದನ್ನು ನಾನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಅವಳು ಹೋದ ಮೇಲೆ ಜೋಳದ ಹಿಟ್ಟಿನ ಮುಂದೆ ಕೂತಾಗ ಮೊದಲ ಸಲ ಅನುಮಾನ ಬಂತು: ಬಡಿಯುತ್ತಿದ್ದವನು ನನ್ನ ಜೊತೆಗಿದ್ದ ಗೆಳೆಯನಿರಬೇಕು, ನಾನು ತಿನ್ನುತ್ತಿದ್ದೆ. ಆದರೂ ಹಟ ಬಿಡಲಿಲ್ಲ. ಪಟ ಪಟ ಬಡಿದೆ. ಒಂದು ಹರಿಯಿತು, ಇನ್ನೊಂದು ಅಂಟಿತು. ಮೂರನೆಯದು ರೊಟ್ಟಿ ಎಂದು ಕರೆಯಿಸಿಕೊಳ್ಳುವ ಹೊತ್ತಿಗೆ ಬೆವರು ಇಳಿದಿತ್ತು. ಕೈ ತೊಳೆದು ಗಡಿಯಾರ ನೋಡಿದರೆ ಎಂಟೂ ಕಾಲು. ಕೆಳಗೆ ‘ಆತು’ ಎಂದಿತ್ತು. ಸಮಾಧಾನದಿಂದ ರೊಟ್ಟಿ ಮುರಿದು ತಿಂದು ಕಾಲೇಜಿಗೆ ಹೋದೆ.

ಸಂಜೆ ಮರಳಿದ ಮಹಾದೇವಿ ಚೀಲ ಇಳಿಸಿ ಮೊದಲು ಡಬ್ಬಿ ತೆರೆದಳು. ಆ ದಿನದ ಖಾನೆಯಲ್ಲಿ ಗುಳಿಗೆ ಬೆಳ್ಳಗೆ ಕೂತಿತ್ತು.

“ಇದೇನ್ರಿ?”

ನಾನು ಧೈರ್ಯವಾಗಿ ಮುಂಗೈ ಚಾಚಿದೆ. “ಆತು ಅಂತೈತಿ ನೋಡು. ನಾನೂ ಬರದೇನಿ.” ಆಗಷ್ಟೇ ಬರೆದಿದ್ದ ದಿನಚರಿಯನ್ನೂ ಮುಂದಿಟ್ಟೆ. ಅವಳು ಗಟ್ಟಿಯಾಗಿ ಓದಿದಳು: “ಎಂಟಕ್ಕೆ ಗುಳಿಗೆ. ಮಹಾದೇವಿ ನೀರು ತಂದುಕೊಟ್ಟಳು.”

ಓದಿ, ದಿನಚರಿಯನ್ನು ನನ್ನ ಮುಂದೆ ಮರಳಿ ಇಟ್ಟಳು.

“ಎಂಟಕ್ಕ ನಾ ಹಿಪ್ಪರಗ್ಯಾಗ ಬಸ್ಸಿನಿಂದ ಇಳಿಯಾಕತ್ತಿದ್ನಿ,” ಎಂದಳು. “ಅಲ್ಲಿಂದ ಕೈ ಚಾಚಿ ನೀರು ಕೊಟ್ನೇನ್ರಿ?”

ಆಣೆ ಮಾಡಿ ಹೇಳುತ್ತೇನೆ, ಆ ಲೋಟ ನನಗೆ ನೆನಪಿತ್ತು. ಅವಳ ಬಳೆಯ ಸದ್ದೂ ನೆನಪಿತ್ತು. ದಿನಚರಿಯ ಮುಂದಿನ ಸಾಲಿನಲ್ಲಿ ‘ರೊಟ್ಟಿ ದುಂಡಗೆ ಬಂದವು’ ಎಂದಿತ್ತು. ಅದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೆ. ಅಷ್ಟರಲ್ಲಿ ಅವಳು ಗಡಿಯಾರದ ಪಟ್ಟಿಯ ಸಂದಿಯನ್ನು ಉಗುರಿನಿಂದ ಕೆದರಿ, ಒಣಗಿದ ಹಿಟ್ಟನ್ನು ತೋರಿಸಿದಳು. “ನೀವು ರೊಟ್ಟಿ ಬಡದೀರಿ, ಆ ಸದ್ದಿನ್ಯಾಗ ಇದು ಗುಂಯ್ ಅಂದದ್ದು ಕೇಳಿಲ್ಲ. ಇದು ತನಗ ತಟ್ಟಿದ್ರು ಅಂತ ತಿಳಕೊಂಡೈತಿ. ಗಡಿಯಾರಕ್ಕ ಗುಳಿಗಿ ಆತು, ನಿಮಗ ಆಗಿಲ್ಲ.”

ಡಾಕ್ಟರಿಗೆ ಫೋನ್ ಹಚ್ಚಿ ಏನು ಮಾಡಬೇಕೆಂದು ಕೇಳಿದಳು. ಆಮೇಲೆ ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ನಾನು ತಲೆ ತಗ್ಗಿಸಿ ಕೂತಿದ್ದನ್ನು ನೋಡಿರಬೇಕು, ಒಳಗಿನಿಂದಲೇ ಹೇಳಿದಳು: “ಏಳ ದಿನ ಬರೋಬರಿ ತಗೊಂಡೀರಲ್ಲ. ಭರಣಿ ಹಿಂದ ಬ್ಯಾಡ, ಮುಂದ ಇಡ್ತೇನಿ.” ತುಸು ತಡೆದು, “ಆ ಗಡಿಯಾರ ಆತು ಅಂತ ಹೇಳೋದ ತಪ್ಪು. ಅದಕ್ಕೇನು ಗೊತ್ತು? ‘ಆತೇನ್ರಿ’ ಅಂತ ಕೇಳಬೇಕದು,” ಎಂದಳು.

ಅವಳ ಮಾತು ಸರಿಯೆನಿಸಿ ಮರುದಿನವೇ ತಿದ್ದಲು ಕೂತೆ. ‘ಆತೇ’ ತನಕ ತೊಂದರೆಯಿರಲಿಲ್ಲ. ‘ನ್ರಿ’ಯ ಒತ್ತಿಗೆ ಎಷ್ಟು ಹೆಣಗಿದರೂ ಜಾಗ ಸಿಗಲಿಲ್ಲ. ಕೊನೆಗೆ ಮರ್ಯಾದೆಯ ‘ರಿ’ ಬಿಟ್ಟು ‘ಆತೇನ’ ಎಂದಷ್ಟೇ ಬರೆದೆ. ಈಗ ದಿನಾ ಎಂಟಕ್ಕೆ ನನ್ನದೇ ಮುಂಗೈ ನನ್ನನ್ನು ಏಕವಚನದಲ್ಲಿ ವಿಚಾರಿಸುತ್ತದೆ. ನಾನು ಅದಕ್ಕೆ ಉತ್ತರ ಕೊಡುವುದಿಲ್ಲ, ಅಡುಗೆಮನೆಯ ಕಡೆ ತಿರುಗಿ ಕೂಗುತ್ತೇನೆ: “ಮಹಾದೇವಿ, ಆತೇನ?”

“ಇನ್ನೂ ಇಲ್ರಿ,” ಎಂದು ಅವಳು ಲೋಟ ಹಿಡಿದು ಬರುತ್ತಾಳೆ. ಸಂಜೆ ದಿನಚರಿಯಲ್ಲಿ ಅದೇ ಹಳೆಯ ಸಾಲು ಬರೆಯುತ್ತೇನೆ: ಎಂಟಕ್ಕೆ ಗುಳಿಗೆ, ಮಹಾದೇವಿ ನೀರು ತಂದುಕೊಟ್ಟಳು. ಈಗ ಅದು ನಿಜ. ಬರೆಯುವ ಮೊದಲು ಅವಳನ್ನು ಒಂದು ಮಾತು ಕೇಳಿಕೊಳ್ಳುತ್ತೇನೆ.